ಸ್ಕ್ಯಾನ್ ಆಗದ ಔಷಧ: ವಾರ್ಡಿನ ಬಾರ್‌ಕೋಡ್ ವ್ಯವಸ್ಥೆಯಲ್ಲಿ ದೋಷ ಹುಡುಕುವ ಬಗೆ

ಔಷಧ ಕೊಡುವ ಮುನ್ನ ರೋಗಿಯ ಕೈಪಟ್ಟಿಯನ್ನೂ ಔಷಧದ ಮೇಲಿನ ಸಂಕೇತವನ್ನೂ ಸ್ಕ್ಯಾನ್ ಮಾಡಿ, ಅವೆರಡನ್ನೂ ವೈದ್ಯರ ಆದೇಶದೊಡನೆ ತಾಳೆ ನೋಡುವ ವ್ಯವಸ್ಥೆ ನಮ್ಮ ಕಡೆಯ ದೊಡ್ಡ ಆಸ್ಪತ್ರೆಗಳಿಗೂ ಒಂದೊಂದಾಗಿ ಬರುತ್ತಿದೆ. ಬಂದ ಮೊದಲ ವಾರ ಎಲ್ಲರಿಗೂ ಉತ್ಸಾಹವಿರುತ್ತದೆ. ಎರಡನೆಯ ತಿಂಗಳ ಹೊತ್ತಿಗೆ “ಸ್ಕ್ಯಾನ್ ಆಗ್ತಿಲ್ಲ” ಎಂಬ ದೂರು ಶುರುವಾಗುತ್ತದೆ. ಮೂರನೆಯ ತಿಂಗಳಿಗೆ ಅಧೀಕ್ಷಕರ ಕಚೇರಿಯಿಂದ ಸಿಸ್ಟರ್‌ಗಳಿಗೆ ಮೆಮೊ ಹೊರಡುತ್ತದೆ. ಹಲವು ವರ್ಷ ವಾರ್ಡ್ ಇನ್‌ಚಾರ್ಜ್ ಆಗಿದ್ದು, ಆಮೇಲೆ ಇಂಥ ವ್ಯವಸ್ಥೆಯ ಉಸ್ತುವಾರಿ ಹೊತ್ತ ನಾನು ಆ ಮೆಮೊದಿಂದ ಒಂದು ದೋಷವೂ ಸರಿಹೋದದ್ದನ್ನು ಕಂಡಿಲ್ಲ. ಸ್ಕ್ಯಾನ್ ಬಿಟ್ಟು ಔಷಧ ಕೊಟ್ಟ ಕೈಯ ಹಿಂದೆ ಬಹುಮಟ್ಟಿಗೆ ಅಳಿಸಿಹೋದ ಅಚ್ಚೋ, ಪಟ್ಟಿಯಲ್ಲಿ ಸೇರದ ಬ್ರ್ಯಾಂಡೋ, ಮಂಚಗಳ ನಡುವೆ ತೂರದ ಟ್ರಾಲಿಯೋ ಇರುತ್ತದೆ. ಅದನ್ನು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಕೊಳ್ಳಲು ಹೊರಟವರಿಗೆ ಈ ದೋಷಗಳು ಏನು ಹೇಳುತ್ತವೆ ಎಂಬುದನ್ನು ‘ಕೊಳ್ಳುವ ಮುನ್ನ’ ಎಂಬ ಭಾಗದಲ್ಲಿ ಸೇರಿಸಿದ್ದೇನೆ.

ಔಷಧ ಕೊಡುವ ಹಂತಕ್ಕೆ ಇಷ್ಟು ಗಮನ ಏಕೆಂಬುದಕ್ಕೆ ಒಂದು ಹಳೆಯ ಲೆಕ್ಕ ಸಾಕು. ಬಾಸ್ಟನ್ನಿನ ಎರಡು ಆಸ್ಪತ್ರೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಕ್ಕೆ ಸಂಬಂಧಿಸಿದ ಗಂಭೀರ ತಪ್ಪುಗಳಲ್ಲಿ 39 ಪ್ರತಿಶತ ಆದೇಶ ಬರೆಯುವಾಗಲೂ 38 ಪ್ರತಿಶತ ಔಷಧ ಕೊಡುವಾಗಲೂ ಆಗಿದ್ದವು. ಆದೇಶದ ತಪ್ಪನ್ನು ಫಾರ್ಮಸಿಸ್ಟರೋ ಶುಶ್ರೂಷಾಧಿಕಾರಿಯೋ ಹಿಡಿಯಬಹುದು. ಕೊಡುವಾಗಿನ ತಪ್ಪನ್ನು ಹಿಡಿಯಲು ಅವರ ನಂತರ ಯಾರೂ ಇರುವುದಿಲ್ಲ.

ಮೊದಲ ಹತ್ತು ನಿಮಿಷ

ದೂರು ಬಂದೊಡನೆ ಯಂತ್ರಕ್ಕೆ ಕೈಹಾಕುವುದಕ್ಕಿಂತ ಮುಂಚೆ ಡೋಸ್ ತಪ್ಪದಂತೆ ನೋಡಿಕೊಳ್ಳಬೇಕು. ಪ್ರತಿ ವಾರ್ಡಿನಲ್ಲೂ ಮುದ್ರಿತ ಡ್ರಗ್ ಚಾರ್ಟ್ ಇರಬೇಕು. ಸ್ಕ್ಯಾನ್ ಇಲ್ಲದ ಅವಧಿಯಲ್ಲಿ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಮಾರ್ಫಿನ್‌ಗಳಂಥ ಅಪಾಯಕಾರಿ ಔಷಧಗಳನ್ನು ಇಬ್ಬರು ಪ್ರತ್ಯೇಕವಾಗಿ ಪರಿಶೀಲಿಸಿ ಸಹಿ ಹಾಕಿಯೇ ಕೊಡಬೇಕು. ತುಂಬಿಟ್ಟ ಸಿರಿಂಜನ್ನು ತೋರಿಸಿ “ಸರಿ ಇದೆ ಅಲ್ವಾ ಸಿಸ್ಟರ್” ಎಂದು ಕೇಳಿದರೆ ಅದು ಪ್ರತ್ಯೇಕ ಪರಿಶೀಲನೆ ಆಗುವುದಿಲ್ಲ. ಎರಡನೆಯವರು ಆದೇಶವನ್ನು ತಾವೇ ಓದಿ, ತಾವೇ ಲೆಕ್ಕ ಹಾಕಿ, ಆಮೇಲೆ ಸಿರಿಂಜನ್ನು ನೋಡಬೇಕು. ವ್ಯವಸ್ಥೆ ಮರಳಿದ ಮೇಲೆ ಕಾಗದದಲ್ಲಿರುವ ಡೋಸ್‌ಗಳನ್ನು ಕಂಪ್ಯೂಟರಿಗೆ ಯಾರು ಏರಿಸಬೇಕೆಂದು ಆಗಲೇ ಹೆಸರು ಹಿಡಿದು ಗೊತ್ತುಮಾಡಬೇಕು. ಇಲ್ಲದಿದ್ದರೆ, ಪರದೆಯಲ್ಲಿ ಬಾಕಿ ಎಂದು ಕಾಣುವ ಡೋಸನ್ನು ಮುಂದಿನ ಪಾಳಿಯವರು ಎರಡನೆಯ ಬಾರಿ ಕೊಡುವ ಅಪಾಯವಿದೆ.

ಆಮೇಲೆ ದೂರನ್ನು ಮೂರರಲ್ಲಿ ಒಂದು ಬಗೆಗೆ ಸೇರಿಸಬೇಕು. ಸ್ಕ್ಯಾನರ್ ಸಂಕೇತವನ್ನು ಓದದೇ ಇರುವುದು ಮೊದಲನೆಯದು. ಓದಿದ್ದನ್ನು ತಂತ್ರಾಂಶ ನಿರಾಕರಿಸುವುದು ಎರಡನೆಯದು. ಒಪ್ಪಬಾರದ್ದನ್ನು ಒಪ್ಪಿಬಿಡುವುದು ಮೂರನೆಯದು. “ಸ್ಕ್ಯಾನ್ ಆಗ್ತಿಲ್ಲ” ಎಂಬ ಒಂದೇ ಮಾತು ಮೊದಲೆರಡಕ್ಕೂ ಬಳಕೆಯಾಗುತ್ತದೆ, ಮತ್ತು ಇವೆರಡರ ಪರಿಹಾರಗಳು ಬೇರೆ ಬೇರೆ ಕಟ್ಟಡಗಳಲ್ಲಿರುತ್ತವೆ. ಮೂರನೆಯದರ ಬಗ್ಗೆ ದೂರೇ ಬರುವುದಿಲ್ಲ. ಒಂದು ಔಷಧವನ್ನು ತೋರಿಸಿದರೆ ಪರದೆ ಇನ್ನೊಂದರ ಹೆಸರು ಹೇಳಿತೆಂದು ಯಾರಾದರೂ ಹೇಳಿದರೆ ಆ ಔಷಧದ ಆ ಬ್ಯಾಚನ್ನು ಇಡೀ ಆಸ್ಪತ್ರೆಯಲ್ಲಿ ತಡೆಹಿಡಿದು, ಆ ಪೊಟ್ಟಣವನ್ನು ಎಸೆಯದೆ ತೆಗೆದಿರಿಸಬೇಕು. ಉಳಿದ ತನಿಖೆ ಆಮೇಲೆ.

ಓದುವುದೇ ಇಲ್ಲವೇ, ಓದಿಯೂ ಒಪ್ಪುತ್ತಿಲ್ಲವೇ

ಇದನ್ನು ತಿಳಿಯಲು ಎರಡು ನಿಮಿಷದ ಪರೀಕ್ಷೆ ಸಾಕು. ಟ್ರಾಲಿಯ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು, ತೊಂದರೆ ಕೊಡುತ್ತಿರುವ ಸಂಕೇತವನ್ನು ಅದರೊಳಕ್ಕೆ ಸ್ಕ್ಯಾನ್ ಮಾಡಿ. ಏನೂ ಮೂಡದಿದ್ದರೆ ದೋಷ ಅಚ್ಚಿನಲ್ಲೋ ಸ್ಕ್ಯಾನರಿನಲ್ಲೋ ಇದೆ. ಅಕ್ಷರ, ಅಂಕಿಗಳು ಸಾಲಾಗಿ ಮೂಡಿದರೆ ಅವೆರಡೂ ಚೆನ್ನಾಗಿವೆ, ತೊಡಕು ಮುಂದಿನ ಕೊಂಡಿಯಲ್ಲಿದೆ. ಸ್ಕ್ಯಾನರಿನ ‘ಬೀಪ್’ ಸದ್ದನ್ನು ನಂಬಬಾರದು; ತಾನು ಸಂಕೇತವನ್ನು ಬಿಡಿಸಿ ಓದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ತಂತ್ರಾಂಶ ಒಪ್ಪಿತೆಂದಲ್ಲ. ಹೊಸಬರು ಬೀಪ್ ಕೇಳಿದೊಡನೆ ಪರದೆಯಿಂದ ಕಣ್ಣು ತೆಗೆಯುವ ಅಭ್ಯಾಸವನ್ನು ತರಬೇತಿಯಲ್ಲೇ ಬಿಡಿಸಬೇಕು.

ಈ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವ ಒಂದು ದೋಷ ನಮ್ಮ ಕಡೆಯದು. ಹೆಚ್ಚಿನ ಸ್ಕ್ಯಾನರ್‌ಗಳು ಕಂಪ್ಯೂಟರಿನ ಪಾಲಿಗೆ ಕೀಲಿಮಣೆಯಂತೆಯೇ ವರ್ತಿಸುತ್ತವೆ. ಓದಿದ್ದನ್ನು ಯಾರೋ ವೇಗವಾಗಿ ಟೈಪ್ ಮಾಡಿದಂತೆ ಒಳಗೆ ಕಳಿಸುತ್ತವೆ. ಹಿಂದಿನ ಪಾಳಿಯವರು ಡಿಸ್ಚಾರ್ಜ್ ಸೂಚನೆಯನ್ನು ಕನ್ನಡದಲ್ಲಿ ಬರೆಯಲು ಕನ್ನಡ ಕೀಲಿಮಣೆಯನ್ನು ಹಾಕಿ ಹಾಗೆಯೇ ಬಿಟ್ಟುಹೋಗಿದ್ದರೆ, ಸಂಕೇತದ ಇಂಗ್ಲಿಷ್ ಅಕ್ಷರಗಳೆಲ್ಲ ಕನ್ನಡದ ಒತ್ತು, ಗುಣಿತಗಳಾಗಿ ಮೂಡುತ್ತವೆ, ಮತ್ತು ತಂತ್ರಾಂಶ ಇಂಥ ರೋಗಿ ಇಲ್ಲ ಎನ್ನುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದ್ದರೂ ದೊಡ್ಡಕ್ಷರ, ಚಿಕ್ಕಕ್ಷರಗಳು ಅದಲುಬದಲಾಗುವುದುಂಟು. ಔಷಧದ ಪರದೆ ತೆರೆದೊಡನೆ ಕೀಲಿಮಣೆ ತಾನಾಗಿ ಇಂಗ್ಲಿಷಿಗೆ ಮರಳುವಂತೆ ಮಾಡಿಸುವುದು ಇದರ ಪರಿಹಾರ. ಕನ್ನಡವನ್ನೇ ಕಂಪ್ಯೂಟರಿನಿಂದ ತೆಗೆಸಿಬಿಡುವುದು ಪರಿಹಾರವಲ್ಲ, ಆದರೂ ಮೊದಲು ಬರುವ ಸಲಹೆ ಅದೇ ಆಗಿರುತ್ತದೆ.

ಓದದಿರುವ ಸಂಕೇತ

ಪ್ರತಿ ಟ್ರಾಲಿಗೂ ಲ್ಯಾಮಿನೇಟ್ ಮಾಡಿದ ಒಂದು ಪರೀಕ್ಷಾ ಸಂಕೇತವನ್ನು ಅಂಟಿಸಿರಬೇಕು. ಅದು ಯಾವ ರೋಗಿಗೂ ಯಾವ ಔಷಧಕ್ಕೂ ಸೇರದ, ಸುಮ್ಮನೆ ‘ಪರೀಕ್ಷೆ’ ಎಂದು ತೋರಿಸುವ ಸಂಕೇತವಾಗಿರಲಿ. ಅದನ್ನು ಸ್ಕ್ಯಾನರ್ ಓದಿದರೆ ತಪ್ಪು ಅಚ್ಚಿನದು, ಓದದಿದ್ದರೆ ಸ್ಕ್ಯಾನರಿನದು.

ಸ್ಕ್ಯಾನರಿನ ಕಡೆಯ ಕಾರಣಗಳು ಕಡಿಮೆ. ಸೋಂಕುನಿವಾರಕ ದ್ರಾವಣದಿಂದ ದಿನಕ್ಕೆ ಹತ್ತಾರು ಬಾರಿ ಒರೆಸಿದಾಗ ಮುಂಭಾಗದ ಕಿಂಡಿ ಮಬ್ಬಾಗುತ್ತದೆ. ತಯಾರಕರು ಒಪ್ಪಿದ ದ್ರಾವಣ ಯಾವುದೆಂದು ಸೋಂಕು ನಿಯಂತ್ರಣದ ಸಿಸ್ಟರ್ ಜೊತೆ ಕೂತು ಗೊತ್ತುಮಾಡಿಕೊಳ್ಳದೆ ಕೊಂಡರೆ ಹೀಗಾಗುತ್ತದೆ. ಹಳೆಯ ಲೇಸರ್ ಸ್ಕ್ಯಾನರುಗಳು ಉದ್ದಗೆರೆಗಳ ಬಾರ್‌ಕೋಡನ್ನು ಮಾತ್ರ ಓದಬಲ್ಲವು. ಚೌಕಾಕಾರದ ಕ್ಯೂಆರ್, ಡೇಟಾಮ್ಯಾಟ್ರಿಕ್ಸ್ ಸಂಕೇತಗಳಿಗೆ ಕ್ಯಾಮೆರಾ ಮಾದರಿಯ ಸ್ಕ್ಯಾನರೇ ಬೇಕು. ಇನ್ನೊಂದು ಕಾರಣ ಅಪರೂಪದ್ದಾದರೂ ಭಯಂಕರವಾದದ್ದು: ತಂತಿಯಿಲ್ಲದ ಎರಡು ಸ್ಕ್ಯಾನರುಗಳನ್ನು ಚಾರ್ಜರಿನಲ್ಲಿಟ್ಟು ತೆಗೆಯುವಾಗ ಅದಲುಬದಲಾಗಿ, ಒಂದರ ಓದು ಪಕ್ಕದ ಟ್ರಾಲಿಯ ಪರದೆಗೆ ಹೋಗುವುದು. ಬೀಪ್ ಕೇಳಿಸಿತು, ತನ್ನ ಪರದೆಯಲ್ಲಿ ಏನೂ ಆಗಲಿಲ್ಲ ಎಂದು ಯಾರಾದರೂ ಹೇಳಿದರೆ ಪಕ್ಕದ ಟ್ರಾಲಿಯ ಪರದೆಯನ್ನು ತಕ್ಷಣ ನೋಡಬೇಕು. ಸ್ಕ್ಯಾನರಿಗೂ ಟ್ರಾಲಿಗೂ ಒಂದೇ ಬಣ್ಣದ ಟೇಪ್ ಸುತ್ತಿಡುವುದು ಇದಕ್ಕೆ ನಾನು ಕಂಡ ಅತ್ಯಂತ ಅಗ್ಗದ ಉಪಾಯ.

ಅಚ್ಚಿನ ಕಡೆಯ ಕಾರಣಗಳೇ ಹೆಚ್ಚು. ಕೈಪಟ್ಟಿಯನ್ನು ಶಾಯಿಯಿಲ್ಲದೆ ಬರಿಯ ಶಾಖದಿಂದ ಮೂಡಿಸುವ ಕಾಗದದ ಮೇಲೆ ಅಚ್ಚು ಹಾಕಿದ್ದರೆ ಸ್ಪಿರಿಟ್, ಸ್ಯಾನಿಟೈಸರ್, ಬಿಸಿಲು ಮೂರೂ ಅದಕ್ಕೆ ಶತ್ರುಗಳು. ಮೇಲೆ ರಕ್ಷಾಪದರವಿಲ್ಲದ ಪಟ್ಟಿ ಮೂರನೆಯ ದಿನಕ್ಕೆ ಮಾಸುತ್ತದೆ. ಒಳರೋಗಿಯ ಸರಾಸರಿ ವಾಸ್ತವ್ಯಕ್ಕಿಂತ ಬೇಗ ಮಾಸುವ ಪಟ್ಟಿಯನ್ನು ಕೊಳ್ಳಬಾರದು ಎಂಬುದು ಹೇಳಿದರೆ ಸರಳ, ಆದರೆ ಕೊಳ್ಳುವಾಗ ಪಟ್ಟಿಗೆ ಸ್ಪಿರಿಟ್ ಹಚ್ಚಿ ನೋಡಿದವರನ್ನು ನಾನು ಕಂಡಿಲ್ಲ. ಉದ್ದಗೆರೆಯ ಸಂಕೇತವನ್ನು ಮಣಿಕಟ್ಟಿನ ಸುತ್ತಳತೆಯ ದಿಕ್ಕಿನಲ್ಲಿ ಅಚ್ಚು ಹಾಕಿದರೆ ಅದರ ಎರಡು ತುದಿಗಳು ಬಾಗಿ ಮರೆಯಾಗುತ್ತವೆ, ಮಕ್ಕಳ ವಾರ್ಡಿನಲ್ಲಂತೂ ಅರ್ಧದಷ್ಟು ಕಾಣುವುದೇ ಇಲ್ಲ. ಚಿಕ್ಕ ಚೌಕ ಸಂಕೇತವನ್ನು ಪಟ್ಟಿಯುದ್ದಕ್ಕೂ ನಾಲ್ಕೈದು ಕಡೆ ಅಚ್ಚು ಹಾಕಿಸಿದರೆ ಕೈ ಹೇಗೆ ತಿರುಗಿದ್ದರೂ ಒಂದು ಸಿಗುತ್ತದೆ, ಮಲಗಿರುವ ರೋಗಿಯನ್ನು ಎಬ್ಬಿಸಬೇಕಾಗಿಲ್ಲ. ಆಂಪ್ಯೂಲುಗಳಿಗೂ ಇದೇ ತರ್ಕ: ಓದುವ ದಿಕ್ಕು ಆಂಪ್ಯೂಲಿನ ಉದ್ದಕ್ಕೆ ಇರಬೇಕು, ಸುತ್ತಲೂ ಅಲ್ಲ.

ಅಚ್ಚಿನಲ್ಲಿ ಸಣ್ಣ ಬಿಳಿಗೆರೆಯೊಂದು ಪ್ರತಿ ಲೇಬಲಿನಲ್ಲೂ ಒಂದೇ ಜಾಗದಲ್ಲಿ ಹಾದುಹೋಗಿದ್ದರೆ ಪ್ರಿಂಟರಿನ ಅಚ್ಚುತಲೆಯ ಒಂದು ಬಿಂದು ಸತ್ತಿದೆ ಎಂದರ್ಥ. ಗೆರೆಗಳು ಕಾಗದ ಹೊರಬರುವ ದಿಕ್ಕಿಗೆ ಸಮಾನಾಂತರವಾಗಿದ್ದರೆ ಆ ಬಿಳುಪು ಒಂದಿಡೀ ಗೆರೆಯನ್ನು ತೆಳ್ಳಗಾಗಿಸಿ ಸಂಕೇತವನ್ನು ಕೆಡಿಸುತ್ತದೆ; ಅಡ್ಡಲಾಗಿದ್ದರೆ ಎಲ್ಲ ಗೆರೆಗಳನ್ನೂ ದಾಟಿಹೋಗುವುದರಿಂದ ಓದು ನಡೆಯುತ್ತಲೇ ಇರುತ್ತದೆ, ದೋಷ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಹೊಳೆಯುವ ಅಲ್ಯೂಮಿನಿಯಂ ಸ್ಟ್ರಿಪ್ಪಿನ ಮೇಲಿನ ಸಂಕೇತಕ್ಕೆ ಸ್ಕ್ಯಾನರನ್ನು ನೇರವಾಗಿ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದರೆ ಬೆಳಕು ಕಣ್ಣಿಗೆ ಹೊಡೆಯದೆ ಓದು ಸುಲಭವಾಗುತ್ತದೆ.

ಓದಿಯೂ ಒಪ್ಪದಿರುವುದು

ದೂರುಗಳ ದೊಡ್ಡ ಪಾಲು ಇಲ್ಲಿದೆ, ಮತ್ತು ಭಾರತದಲ್ಲಿ ಇದಕ್ಕೆ ತನ್ನದೇ ಕಾರಣಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ನಿಯಮ ಮಾಡಿ, ಆಸ್ಪತ್ರೆಯಲ್ಲಿ ಬಳಸುವ ಬಹುತೇಕ ಔಷಧಗಳ ಮೇಲೆ ಔಷಧವನ್ನು ಗುರುತಿಸುವ ಬಾರ್‌ಕೋಡ್ ಇರುವಂತೆ ಮಾಡಿತು. ನಮ್ಮಲ್ಲಿ ಔಷಧ ನಿಯಮಗಳ ಎಚ್2 ಅನುಸೂಚಿಯಲ್ಲಿ ಪಟ್ಟಿಯಾದ 300 ಬ್ರ್ಯಾಂಡುಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತ ಕಡ್ಡಾಯವಾಗಿದೆ. ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಅದರಲ್ಲಿರಬೇಕು. ಆದರೆ ಆ ನಿಯಮದ ಉದ್ದೇಶ ಔಷಧ ಅಸಲಿಯೇ ನಕಲಿಯೇ ಎಂದು ತಿಳಿಯುವುದು, ಹಾಸಿಗೆಯ ಪಕ್ಕದಲ್ಲಿ ಡೋಸನ್ನು ತಾಳೆ ನೋಡುವುದಲ್ಲ. ಒಳ ಪೊಟ್ಟಣದಲ್ಲಿ ಜಾಗ ಸಾಲದಿದ್ದರೆ ಹೊರ ಪೆಟ್ಟಿಗೆಯ ಮೇಲೆ ಅಚ್ಚು ಹಾಕಲೂ ಅದು ಅವಕಾಶ ಕೊಡುತ್ತದೆ. ಪೆಟ್ಟಿಗೆ ಫಾರ್ಮಸಿಯಲ್ಲೇ ಉಳಿಯುತ್ತದೆ, ವಾರ್ಡಿಗೆ ಬರುವುದು ಸ್ಟ್ರಿಪ್. ಅದೂ ಹತ್ತು ಗುಳಿಗೆಯ ಸ್ಟ್ರಿಪ್ಪಿನಿಂದ ಕತ್ತರಿಸಿದ ಮೂರು ಗುಳಿಗೆ, ಸಂಕೇತವಿದ್ದ ಮೂಲೆ ಇನ್ಯಾರದೋ ಪಾಲಿಗೆ ಹೋಗಿರುತ್ತದೆ.

ಹಾಗಾಗಿ ಬಿಡಿ ಡೋಸಿಗೆ ಫಾರ್ಮಸಿಯೇ ಲೇಬಲ್ ಅಂಟಿಸಿ ಕಳಿಸುವ ಏರ್ಪಾಟಿಲ್ಲದೆ ವಾರ್ಡಿಗೆ ಸ್ಕ್ಯಾನರ್ ಕೊಡುವುದು ವ್ಯರ್ಥ. ಈ ಏರ್ಪಾಟು ಇದ್ದೂ ದೋಷ ಬಂದರೆ, ನೋಡಬೇಕಾದ ಮೊದಲ ಜಾಗ ಔಷಧಗಳ ಮೂಲಪಟ್ಟಿ. ಒಂದೇ ಔಷಧ ನಮ್ಮಲ್ಲಿ ಹತ್ತಾರು ಬ್ರ್ಯಾಂಡುಗಳಲ್ಲಿ ಬರುತ್ತದೆ. ಟೆಂಡರ್ ಬದಲಾದ ತಿಂಗಳು ಹೊಸ ಬ್ರ್ಯಾಂಡ್ ಬರುತ್ತದೆ. ಖರೀದಿ ವಿಭಾಗ ಅದನ್ನು ದಾಸ್ತಾನು ಪುಸ್ತಕಕ್ಕೆ ಸೇರಿಸುತ್ತದೆ. ಆ ಬ್ರ್ಯಾಂಡನ್ನು ಮೂಲ ಔಷಧದ ಹೆಸರಿಗೆ ಜೋಡಿಸುವ ಕೆಲಸ ಯಾರದ್ದೂ ಆಗಿರುವುದಿಲ್ಲ. ನಿರಾಕರಣೆಗಳ ವರದಿಯನ್ನು ಔಷಧವಾರು ವಿಂಗಡಿಸಿದಾಗ ಎಲ್ಲ ವಾರ್ಡುಗಳಲ್ಲೂ ಒಂದೇ ಔಷಧ, ಒಂದೇ ದಿನಾಂಕದಿಂದ ಶುರುವಾಗಿದ್ದರೆ ಕಾರಣ ಇದೇ ಎಂದು ಬಹುತೇಕ ಹೇಳಿಬಿಡಬಹುದು. ಬ್ರ್ಯಾಂಡ್ ಜೋಡಣೆ ಮುಗಿಯದೆ ಸರಕು ಫಾರ್ಮಸಿಯ ಕಪಾಟಿಗೆ ಏರಬಾರದೆಂಬ ನಿಯಮವೊಂದೇ ಇದಕ್ಕೆ ಶಾಶ್ವತ ಮದ್ದು.

ಸರಕುಗಳ ಸಂಕೇತಗಳಿಗೆ ಜಗತ್ತಿನಾದ್ಯಂತ ಬಳಸುವ ಜಿಎಸ್1 ಮಾನದಂಡದ ಚೌಕ ಸಂಕೇತಗಳಲ್ಲಿ ಎರಡು ಸೂಕ್ಷ್ಮ ದೋಷಗಳು ಪದೇಪದೇ ಕಾಣುತ್ತವೆ. ಆ ಸಂಕೇತದೊಳಗೆ 01 ಎಂಬ ಗುರುತಿನ ಮುಂದೆ 14 ಅಂಕಿಯ ಉತ್ಪನ್ನ ಸಂಖ್ಯೆ, 17ರ ಮುಂದೆ ಅವಧಿ ಮುಗಿಯುವ ದಿನ, 10ರ ಮುಂದೆ ಬ್ಯಾಚ್, 21ರ ಮುಂದೆ ಬಿಡಿ ಪೊಟ್ಟಣದ ಕ್ರಮಸಂಖ್ಯೆ ಇರುತ್ತವೆ. ಬ್ಯಾಚ್ ಸಂಖ್ಯೆಯ ಉದ್ದ ಇಂತಿಷ್ಟೇ ಎಂದಿಲ್ಲದ ಕಾರಣ, ಅದು ಎಲ್ಲಿ ಮುಗಿಯಿತೆಂದು ತಿಳಿಸಲು ಕಣ್ಣಿಗೆ ಕಾಣದ ಒಂದು ವಿಭಜಕ ಚಿಹ್ನೆ ಇರುತ್ತದೆ. ಕೀಲಿಮಣೆಯಂತೆ ವರ್ತಿಸುವ ಸ್ಕ್ಯಾನರ್ ಆ ಚಿಹ್ನೆಯನ್ನು ನುಂಗಿಬಿಟ್ಟರೆ, ಬ್ಯಾಚಿಗೆ ಕ್ರಮಸಂಖ್ಯೆಯೂ ಅಂಟಿಕೊಂಡು ಯಾವ ದಾಖಲೆಯಲ್ಲೂ ಇಲ್ಲದ ಉದ್ದನೆಯ ಬ್ಯಾಚ್ ಹುಟ್ಟುತ್ತದೆ. ಕೆಲವು ತಂತ್ರಾಂಶಗಳು ಆಗ ಔಷಧವನ್ನು ನಿರಾಕರಿಸುತ್ತವೆ. ಇನ್ನು ಕೆಲವು ಸುಮ್ಮನೆ ದಾಖಲಿಸಿಕೊಳ್ಳುತ್ತವೆ, ಮುಂದೊಂದು ದಿನ ಆ ಬ್ಯಾಚನ್ನು ಕಂಪನಿ ವಾಪಸ್ ಕರೆದಾಗ ಯಾವ ರೋಗಿಗೆ ಕೊಟ್ಟೆವೆಂದು ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನರಿನ ಸಂರಚನೆಯಲ್ಲಿ ಆ ಚಿಹ್ನೆಯನ್ನು ಕಳಿಸುವಂತೆ ಹೇಳಿ, ತಂತ್ರಾಂಶ ಅದನ್ನು ಗುರುತಿಸುತ್ತದೆಯೇ ಎಂದು ನೋಡಬೇಕು.

ಎರಡನೆಯದು ದಿನಾಂಕದ್ದು. ಅವಧಿಯ ದಿನ ಎಂಬಲ್ಲಿ ‘00’ ಎಂದು ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನ ಎಂದು ಮಾನದಂಡ ಹೇಳುತ್ತದೆ. ಸೆಪ್ಟೆಂಬರ್ ತಿಂಗಳ ‘ಸೊನ್ನೆ’ಯ ದಿನವನ್ನು ಲೆಕ್ಕ ಹಾಕು ಎಂದರೆ ಹಲವು ಪ್ರೋಗ್ರಾಮ್ ಭಾಷೆಗಳು ಆಗಸ್ಟ್ 31 ಎನ್ನುತ್ತವೆ. ಆಗ ಸೆಪ್ಟೆಂಬರ್ ಮುಗಿಯುವವರೆಗೂ ಬಳಸಬಹುದಾದ ಔಷಧ ಸೆಪ್ಟೆಂಬರ್ 1ರಂದೇ ಅವಧಿ ಮೀರಿದೆ ಎಂದು ಕೆಂಪಾಗುತ್ತದೆ. ತಿಂಗಳ ಮೊದಲ ದಿನ ನಿರಾಕರಣೆಗಳು ಏಕಾಏಕಿ ಹೆಚ್ಚಾಗುವ ಆಸ್ಪತ್ರೆಯವರು ಇದನ್ನು ಪರೀಕ್ಷಿಸಿ ನೋಡಲಿ.

ಉಳಿದವು ಆದೇಶದ ಕಡೆಯವು. ವೈದ್ಯರು 500 ಮಿಲಿಗ್ರಾಂ ಎಂದು ಬರೆದಿದ್ದು ಫಾರ್ಮಸಿ 250ರ ಎರಡು ಗುಳಿಗೆ ಕಳಿಸಿದ್ದರೆ ಎರಡೂ ಗುಳಿಗೆಗಳನ್ನು ಸ್ಕ್ಯಾನ್ ಮಾಡಬೇಕು. ಅರ್ಧ ಗುಳಿಗೆ ಕೊಟ್ಟದ್ದನ್ನು ದಾಖಲಿಸಲು ತಂತ್ರಾಂಶದಲ್ಲಿ ದಾರಿಯೇ ಇರದಿರಬಹುದು. ಸ್ಟಾಟ್, ಅಂದರೆ ತಕ್ಷಣ ಕೊಡಬೇಕಾದ, ಡೋಸಿನಲ್ಲಿ ಬಾಯಿಮಾತಿನ ಆದೇಶ ಮೊದಲು ಬಂದು ದಾಖಲೆ ಆಮೇಲೆ ಆಗುವುದರಿಂದ, ಸ್ಕ್ಯಾನ್ ಮಾಡುವ ಹೊತ್ತಿಗೆ ತಾಳೆ ನೋಡಲು ಆದೇಶವೇ ಇರುವುದಿಲ್ಲ. ಕೈಪಟ್ಟಿಯ ಸಂಕೇತದಲ್ಲಿ ರೋಗಿಯ ಶಾಶ್ವತ ಸಂಖ್ಯೆಯಿದೆಯೇ ಈ ಬಾರಿಯ ಒಳರೋಗಿ ಸಂಖ್ಯೆಯಿದೆಯೇ ಎಂಬುದನ್ನೂ ಕೇಳಿ. ಐಸಿಯುವಿನಿಂದ ವಾರ್ಡಿಗೆ ಬಂದಾಗ ಅಥವಾ ಡಿಸ್ಚಾರ್ಜ್ ಆಗಿ ಮರುದಿನವೇ ಮತ್ತೆ ಸೇರಿದಾಗ ಹಳೆಯ ಪಟ್ಟಿ ಕೈಯಲ್ಲೇ ಇದ್ದರೆ ಎರಡನೆಯದು ಗೊಂದಲ ಮಾಡುತ್ತದೆ.

ವೇಳೆಯ ಎಚ್ಚರಿಕೆಗಳ ಬಗ್ಗೆ ಒಂದು ಮಾತು. ಎಲ್ಲ ಔಷಧಕ್ಕೂ ಅರ್ಧ ಗಂಟೆ ಹಿಂದೆ ಮುಂದೆ ಎಂಬ ಏಕರೂಪದ ಮಿತಿಯನ್ನು ಹಾಕಿದರೆ, 20 ರೋಗಿಗಳಿಗೆ ಇಬ್ಬರೇ ಇರುವ ವಾರ್ಡಿನಲ್ಲಿ ಪ್ರತಿ ಸುತ್ತಿನಲ್ಲೂ ಪರದೆ ಕೆಂಪಾಗುತ್ತದೆ; ಕೆಂಪಿಗೆ ಒಗ್ಗಿಹೋದ ಕಣ್ಣು ನಿಜವಾದ ಎಚ್ಚರಿಕೆಯನ್ನೂ ದಾಟಿಬಿಡುತ್ತದೆ. ಅಮೆರಿಕದ ಸುರಕ್ಷಿತ ಔಷಧ ಬಳಕೆ ಸಂಸ್ಥೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ, ವೇಳೆ ಮೀರಬಾರದ ಔಷಧಗಳಿಗೆ ಮಾತ್ರ ಅರ್ಧ ಗಂಟೆಯನ್ನೂ, ದಿನಕ್ಕೆ ಹಲವು ಬಾರಿ ಕೊಡುವ ಉಳಿದವಕ್ಕೆ ಒಂದು ಗಂಟೆಯನ್ನೂ, ದಿನಕ್ಕೊಮ್ಮೆಯವಕ್ಕೆ ಎರಡು ಗಂಟೆಯನ್ನೂ ಸೂಚಿಸುತ್ತದೆ. ಇದಕ್ಕೆ ಮುಂಚೆ ಟ್ರಾಲಿಯ ಗಡಿಯಾರವೂ ಸರ್ವರಿನ ಗಡಿಯಾರವೂ ಒಂದೇ ವೇಳೆ ತೋರಿಸುತ್ತಿವೆಯೇ ಎಂದು ನೋಡಿಕೊಳ್ಳಬೇಕು.

ಎಲ್ಲವೂ ಹಸಿರಾಗಿರುವಾಗ

ವರದಿಯಲ್ಲಿ ಸ್ಕ್ಯಾನ್ ಪ್ರಮಾಣ ನೂರಕ್ಕೆ ನೂರು ಎಂದು ಬಂದರೆ ಅಭಿನಂದನೆ ಹೇಳುವ ಮುನ್ನ ವಾರ್ಡಿಗೆ ಹೋಗಿ ನೋಡುವುದು ಒಳ್ಳೆಯದು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ವ್ಯವಸ್ಥೆಗಳಿಂದ ತಪ್ಪಿಸಿಕೊಳ್ಳುವ 15 ಬಗೆಗಳನ್ನೂ ಅವಕ್ಕೆ 31 ಬಗೆಯ ಕಾರಣಗಳನ್ನೂ ಪಟ್ಟಿ ಮಾಡಿತು. ಹೆಚ್ಚುವರಿ ಕೈಪಟ್ಟಿ ಅಚ್ಚು ಹಾಕಿ ಫೈಲಿಗೋ ಬಾಗಿಲಿಗೋ ಅಂಟಿಸಿಟ್ಟು ಅದನ್ನೇ ಸ್ಕ್ಯಾನ್ ಮಾಡುವುದು ಅವುಗಳಲ್ಲಿ ಒಂದು.

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಇದು ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ. ಪುರುಷರ ಮೆಡಿಕಲ್ ವಾರ್ಡಿನಲ್ಲಿ ಹಗಲಿನ ಸುತ್ತುಗಳಲ್ಲಿ ಅಲ್ಲೊಂದು ಇಲ್ಲೊಂದು ಸ್ಕ್ಯಾನ್ ತಪ್ಪುತ್ತಿತ್ತು, ಬೆಳಗಿನ 6 ಗಂಟೆಯ ಸುತ್ತಿನಲ್ಲಿ ಒಂದೂ ತಪ್ಪುತ್ತಿರಲಿಲ್ಲ. ದಾಖಲೆಯ ವೇಳೆಗಳನ್ನು ತೆಗೆಸಿ ನೋಡಿದಾಗ, ವಾರ್ಡಿನ ಎರಡು ತುದಿಯ ಮಂಚಗಳ ರೋಗಿಗಳ ಕೈಪಟ್ಟಿಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಸ್ಕ್ಯಾನ್ ಆಗಿದ್ದವು. ಅಷ್ಟರಲ್ಲಿ ಓಡಿದರೂ ತಲುಪಲಾಗದು. ಕೈಪಟ್ಟಿ ಮರುಮುದ್ರಣದ ದಾಖಲೆಯಲ್ಲಿ ಅದೇ ವಾರ್ಡಿನ ಹೆಸರು ಎದ್ದು ಕಾಣುತ್ತಿತ್ತು. ಯಾರಿಗೂ ಮೆಮೊ ಕೊಡದೆ, ನೈಟ್ ಡ್ಯೂಟಿಯವರ ಜೊತೆ ಒಂದು ಬೆಳಗ್ಗೆ ಸುತ್ತಿಗೆ ಹೋದೆ. ಮಂಚಗಳ ನಡುವೆ ಚಾಪೆ ಹಾಸಿಕೊಂಡು ರೋಗಿಗಳ ಕಡೆಯವರು ಮಲಗಿದ್ದರು. ಟ್ರಾಲಿ ಬಾಗಿಲಿನಿಂದ ಮುಂದೆ ಹೋಗಲು ಜಾಗವೇ ಇರಲಿಲ್ಲ. “ಇವರನ್ನೆಲ್ಲ ಎಬ್ಬಿಸ್ತಾ ಹೋದ್ರೆ ಏಳು ಗಂಟೆಗೂ ಮುಗಿಯಲ್ಲ ಮೇಡಂ” ಎಂದು ನೈಟ್ ಡ್ಯೂಟಿಯ ಸಿಸ್ಟರ್ ಹುಡುಗಿ ಹೇಳಿದಾಗ ನನಗೆ ಮರುಮಾತು ಹೊಳೆಯಲಿಲ್ಲ. ಅವರು ಬಾಗಿಲಲ್ಲೇ ನಿಂತು, ಫೈಲಿಗೆ ಅಂಟಿಸಿದ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ, ಔಷಧದ ಬಟ್ಟಲುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ತಪ್ಪು ರೋಗಿಗೆ ಔಷಧ ಹೋಗುವುದನ್ನು ತಡೆಯಲೆಂದು ತಂದ ಯಂತ್ರ, ಆ ಸುತ್ತಿನಲ್ಲಿ ಅದನ್ನು ಮುಚ್ಚಿಡುವ ಯಂತ್ರವಾಗಿತ್ತು. ಅಂಗೈಯಲ್ಲಿ ಹಿಡಿಯುವ ಎರಡು ಸಾಧನಗಳನ್ನು ಆ ವಾರ್ಡಿಗೆ ಕೊಟ್ಟೆವು. ಅವಸರವಿಲ್ಲದ ಔಷಧಗಳನ್ನು ಚಾಪೆಗಳು ಎದ್ದ ನಂತರದ 8 ಗಂಟೆಯ ಸುತ್ತಿಗೆ ವೈದ್ಯರ ಒಪ್ಪಿಗೆ ಪಡೆದು ಸರಿಸಿದೆವು. ಮರುಮುದ್ರಣಕ್ಕೆ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿದ್ದು ಆಮೇಲಿನ ಮಾತು.

ಇದೇ ಬಗೆಯ ಇನ್ನೊಂದು ದೋಷ ಫಾರ್ಮಸಿಯಲ್ಲಿ ಹುಟ್ಟುತ್ತದೆ. ಯಂತ್ರ ಲೇಬಲನ್ನು ಓದುತ್ತದೆ, ಗುಳಿಗೆಯನ್ನಲ್ಲ. ಬಿಡಿ ಡೋಸಿನ ಲೇಬಲನ್ನು ಪಕ್ಕದ ಸ್ಟ್ರಿಪ್ಪಿಗೆ ಅಂಟಿಸಿಬಿಟ್ಟರೆ ಆ ತಪ್ಪಿಗೆ ಪ್ರತಿ ಹಾಸಿಗೆಯ ಪಕ್ಕದಲ್ಲೂ ಹಸಿರು ಮುದ್ರೆ ಬೀಳುತ್ತದೆ. ಲೇಬಲ್ ಅಂಟಿಸುವವರು, ಪರಿಶೀಲಿಸುವವರು ಬೇರೆ ಬೇರೆಯಾಗಿರಬೇಕು. ಒಂದು ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಔಷಧ ಇರಬೇಕು.

ಪಂಪುಗಳೂ ಬೀರುಗಳೂ

ಇನ್‌ಫ್ಯೂಷನ್ ಪಂಪಿನ (ರಕ್ತನಾಳಕ್ಕೆ ಔಷಧವನ್ನು ಗೊತ್ತುಮಾಡಿದ ವೇಗದಲ್ಲಿ ಹರಿಸುವ ಯಂತ್ರದ) ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಪ್ರಮಾಣ ಮೀರಿದರೆ ತಡೆಯುತ್ತದೆ ಎಂದು ಹೇಳಿ ಕೊಟ್ಟ ಪಂಪು ಹತ್ತು ಪಟ್ಟು ಹೆಚ್ಚಿನ ವೇಗವನ್ನೂ ಸುಮ್ಮನೆ ಒಪ್ಪಿತು. ಮೊದಲು ನೋಡಬೇಕಾದದ್ದು, ಪಂಪನ್ನು ಅದರೊಳಗೆ ತುಂಬಿಟ್ಟ ಔಷಧ ಪಟ್ಟಿಯ ಮೂಲಕ ನಡೆಸಿದ್ದರೋ ಬರಿಯ ಮಿಲಿಲೀಟರ್ ಲೆಕ್ಕದ ಸಾದಾ ವಿಧಾನದಲ್ಲೋ ಎಂಬುದು. ಮಿತಿಗಳೆಲ್ಲ ಇರುವುದು ಔಷಧ ಪಟ್ಟಿಯೊಳಗೆ ಮಾತ್ರ. ಎರಡನೆಯದು, ಪಂಪಿನಲ್ಲಿರುವ ಪಟ್ಟಿಯ ಆವೃತ್ತಿ. ವೈಫೈ ತಲುಪದ ಮೂಲೆಯಲ್ಲಿದ್ದ ಪಂಪಿನಲ್ಲಿ ಹಳೆಯ ಪಟ್ಟಿಯೇ ಉಳಿದಿರಬಹುದು. ಮೂರನೆಯದು ಪಂಪಿಗೆ ಸೇರಿದ್ದೇ ಅಲ್ಲ: ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಗಂಟೆಗೆ 5 ಮಿಲಿ ಓಡಿಸಿ ಎಂದು ಆದೇಶಿಸುವ, ಒಂದು ಐಸಿಯುವಿನಲ್ಲಿ ಒಂದು ಬಗೆಯ, ಪಕ್ಕದ ಐಸಿಯುವಿನಲ್ಲಿ ‘ಡಬಲ್ ಸ್ಟ್ರೆಂತ್’ ಬೆರಕೆ ಮಾಡುವ ಪದ್ಧತಿ ಇರುವವರೆಗೆ ಯಾವ ಔಷಧ ಪಟ್ಟಿಯೂ ಕೆಲಸಕ್ಕೆ ಬರುವುದಿಲ್ಲ. ಬೆರಕೆಗಳನ್ನು ಇಡೀ ಆಸ್ಪತ್ರೆಗೆ ಒಂದೇ ಮಾಡಿಕೊಳ್ಳುವುದು ಮೊದಲು, ಪಂಪು ಕೊಳ್ಳುವುದು ಆಮೇಲೆ. ಪಂಪಿನಿಂದಲೇ ರೋಗಿಗೆ ತೊಂದರೆಯಾಗಿದ್ದರೆ ವೈದ್ಯಕೀಯ ಉಪಕರಣಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬೇಕು. ಪಂಪಿನ ಒಳದಾಖಲೆಯನ್ನು ನಕಲಿಸಿಕೊಳ್ಳುವವರೆಗೆ ಅದನ್ನು ಇನ್ನೊಬ್ಬ ರೋಗಿಗೆ ಬಳಸಬಾರದು.

ಕಂಪ್ಯೂಟರ್ ನಿಯಂತ್ರಣದ ಔಷಧ ಬೀರುಗಳು ನಮ್ಮಲ್ಲಿ ಇನ್ನೂ ಕಡಿಮೆ. 2017ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಬೀರುವಿನ ತಡೆಯನ್ನು ದಾಟಿ ‘ವರ್ಸೆಡ್’ (Versed) ಎಂಬ ಬ್ರ್ಯಾಂಡ್ ಹೆಸರಿನ ಮೊದಲ ಎರಡು ಅಕ್ಷರಗಳಿಂದ ಹುಡುಕಿದಾಗ, ಮಂಪರು ಬರಿಸುವ ಮಿಡಜೋಲಾಮ್ ಬದಲು ಸ್ನಾಯುಗಳನ್ನು ಸ್ತಂಭಿಸುವ ವೆಕ್ಯುರೋನಿಯಂ ಕೈಗೆ ಬಂದು ರೋಗಿಯೊಬ್ಬರು ತೀರಿಕೊಂಡರು. ಕನಿಷ್ಠ ಐದು ಅಕ್ಷರ ಟೈಪ್ ಮಾಡದೆ ಪಟ್ಟಿ ತೆರೆಯದಂತೆ ಬೀರುವನ್ನು ಹೊಂದಿಸಬಹುದೇ ಎಂಬುದು, ಮಾರಾಟಗಾರರು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ.

ಕೊಳ್ಳುವ ಮುನ್ನ

ಮೇಲಿನ ದೋಷಗಳಲ್ಲಿ ಬಹಳಷ್ಟು ಖರೀದಿಯ ದಿನವೇ ಬಿತ್ತಿದಂಥವು. ವ್ಯವಸ್ಥೆಯ ಮೂಲ ಕಲ್ಪನೆ ಬಂದದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯೊಂದರ ಶುಶ್ರೂಷಕಿಯಿಂದ. ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಸಿಬ್ಬಂದಿ ಅದರ ಸಂಕೇತವನ್ನು ಸ್ಕ್ಯಾನ್ ಮಾಡಿದ್ದನ್ನು ಕಂಡು, ಟೊಪೀಕಾದ ಸೂ ಕಿನ್ನಿಕ್ 1990ರ ದಶಕದ ಆರಂಭದಲ್ಲಿ ಇದನ್ನು ವಾರ್ಡಿಗೆ ತರಬಹುದೆಂದು ಸೂಚಿಸಿದರು. ಹಾಗಿದ್ದೂ ಖರೀದಿ ಸಮಿತಿಯಲ್ಲಿ ನೈಟ್ ಡ್ಯೂಟಿ ಮಾಡುವ ಒಬ್ಬರೂ ಇರುವುದಿಲ್ಲ. ಮಾರಾಟಗಾರರು ಸಭಾಂಗಣದಲ್ಲಿ ತಾವು ತಂದ ಹೊಳೆಯುವ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡಿ ತೋರಿಸುತ್ತಾರೆ. ನಿಮ್ಮ ಫಾರ್ಮಸಿಯಿಂದ ಅತಿ ಹೆಚ್ಚು ಹೋಗುವ ಐವತ್ತು ಔಷಧಗಳನ್ನು, ಕತ್ತರಿಸಿದ ಸ್ಟ್ರಿಪ್, ಆಂಪ್ಯೂಲ್, ಇನ್ಸುಲಿನ್ ಪೆನ್ನುಗಳ ಸಮೇತ ಒಂದು ಬುಟ್ಟಿಯಲ್ಲಿ ತುಂಬಿ, ನಿಮ್ಮದೇ ವಾರ್ಡಿನ ಕೊನೆಯ ಮಂಚದ ಪಕ್ಕದಲ್ಲಿ, ಬೆಳಗಿನ 6 ಗಂಟೆಗೆ ತೋರಿಸಲು ಹೇಳಬೇಕು. ಕಚ್ಚಾ ದಾಖಲೆಗಳನ್ನು ವೇಳೆಯ ಸಮೇತ ಆಸ್ಪತ್ರೆಯೇ ತೆಗೆದುಕೊಳ್ಳಬಹುದೆಂದು ಒಪ್ಪಂದದಲ್ಲಿ ಬರೆಸಬೇಕು. ಆ ಸಾಲು ಇಲ್ಲದಿದ್ದರೆ ಮೇಲೆ ಹೇಳಿದ ತನಿಖೆಗಳಲ್ಲಿ ಅರ್ಧ ಮಾಡಲಾಗದು. ರೋಗಿಗಳ ದಾಖಲೆಗೆ ತಾಗದ ಪ್ರತ್ಯೇಕ ಪರೀಕ್ಷಾ ವ್ಯವಸ್ಥೆಯನ್ನೂ ಕೇಳಬೇಕು. ಒಮ್ಮೆಗೇ ಎಲ್ಲ ವಾರ್ಡುಗಳಿಗೆ ಹರಡದೆ, ಔಷಧಗಳ ವೈವಿಧ್ಯ ಹೆಚ್ಚಿರುವ ಒಂದು ವಾರ್ಡಿನಲ್ಲಿ ದೋಷಗಳು ಹೊರಬರುವಷ್ಟು ಕಾಲ ನಡೆಸಬೇಕು. ಸುಲಭದ ವಾರ್ಡನ್ನು ಆರಿಸಿಕೊಂಡರೆ ಏನೂ ತಿಳಿಯುವುದಿಲ್ಲ.

ಇಷ್ಟೆಲ್ಲ ತಾಪತ್ರಯಕ್ಕೆ ಫಲವಿದೆಯೇ ಎಂದು ಆಡಳಿತ ಮಂಡಳಿ ಕೇಳಿದರೆ ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯ 2010ರ ಅಧ್ಯಯನವನ್ನು ಮುಂದಿಡಬಹುದು. ಅಲ್ಲಿ ವೇಳೆಗೆ ಸಂಬಂಧಿಸದ ತಪ್ಪುಗಳು 11.5 ಪ್ರತಿಶತದಿಂದ 6.8 ಪ್ರತಿಶತಕ್ಕೆ ಇಳಿದವು. ಸೊನ್ನೆಗೆ ಇಳಿಯಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ದುರಸ್ತಿಯಾಯಿತೆಂದು ಮುಗಿಸುವುದು ಯಾವಾಗ

ಐಟಿ ವಿಭಾಗ ದೂರನ್ನು ‘ಪರಿಹಾರವಾಗಿದೆ’ ಎಂದು ಮುಚ್ಚುವುದು ಪರೀಕ್ಷಾ ಸಂಕೇತ ಓದಿದ ದಿನ. ವಾರ್ಡಿನ ಲೆಕ್ಕದಲ್ಲಿ ಅದು ಸಾಲದು. ಮೂರೂ ಪಾಳಿಗಳಲ್ಲಿ ಒಂದೊಂದು ಸುತ್ತನ್ನು ಪಕ್ಕದಲ್ಲಿ ನಿಂತು ನೋಡಬೇಕು. ಅದೇ ಔಷಧದ, ಅದೇ ವಾರ್ಡಿನ ನಿರಾಕರಣೆಗಳು ಎರಡು ವಾರದ ವರದಿಯಲ್ಲಿ ಇಳಿದಿರಬೇಕು. ಕೈಪಟ್ಟಿ ಮರುಮುದ್ರಣ ಅದೇ ಅವಧಿಯಲ್ಲಿ ಏರಿರಬಾರದು. ದೂರು ಕೊಟ್ಟ ಸಿಸ್ಟರ್ ಹೆಸರು ದಾಖಲೆಯಲ್ಲಿರಲಿ, ಏನು ಸಿಕ್ಕಿತೆಂದು ಅವರಿಗೇ ಮೊದಲು ತಿಳಿಸಿ, ಅವರ ಸಹಿ ಪಡೆದು ಆಮೇಲೆ ದೂರನ್ನು ಮುಚ್ಚಬೇಕು.